ಕೆಂಪು ರಾಜಗಿರಿಯೊಳಗಿನ ಹಸಿರನ್ನು ನೋಡುವುದು ಹೇಗೆ?

ರಾಯಚೂರಿನ ಸಂತೆಯಲ್ಲಿ ಕೆಂಪು ರಾಜಗಿರಿ ಸಿವುಡು ಕಂಡಾಗ ಮಕ್ಕಳು ಕೇಳುವ ಪ್ರಶ್ನೆ ಸರಿಯಾಗೇ ಇದೆ: ಹಸಿರು ಎಲೆಯೇ ತಾನೇ ಗಿಡದ ಅಡುಗೆಮನೆ, ಹಾಗಾದರೆ ಈ ಕೆಂಪು ಗಿಡ ಊಟಕ್ಕೆ ಏನು ಮಾಡುತ್ತದೆ? ಉತ್ತರ ಹೇಳಬೇಡಿ, ತೋರಿಸಿ. ಏಳೆಂಟು ತಪ್ಪಲು, ಮೆಡಿಕಲ್ ಅಂಗಡಿಯ ಸ್ಪಿರಿಟ್, ಒಂದು ಬಿಳಿ ಸೀಮೆಸುಣ್ಣ, ಚಿಕ್ಕ ಗಾಜಿನ ಲೋಟ ಇದ್ದರೆ ಸಾಕು.

ಮೊದಲು ಕುದಿಯುವ ನೀರಿಗೆ ತಪ್ಪಲು ಹಾಕಿ. ಎರಡೇ ನಿಮಿಷ. ನೀರು ಕೆಂಪಾಗುತ್ತದೆ, ಎಲೆ ಹಸಿರಾಗಿ ಕಾಣುತ್ತದೆ. ಆ ಕೆಂಪು ಬೀಟಾಸಯಾನಿನ್, ಬೀಟ್‌ರೂಟ್ ಬಣ್ಣದ ಬಳಗದ್ದು. ಜೀವಕೋಶದೊಳಗಿನ ನೀರಿನ ಚೀಲದಲ್ಲಿ ಕರಗಿಕೊಂಡಿರುತ್ತದೆ, ಬಿಸಿಗೆ ಚೀಲ ಒಡೆದ ಕೂಡಲೇ ಹೊರಗೆ ಬರುತ್ತದೆ. ಎಲೆಯ ಹಸಿರು ಬಣ್ಣವಾದ ಕ್ಲೋರೊಫಿಲ್ ನೀರಿಗೆ ಕರಗುವುದಿಲ್ಲ, ಅದಕ್ಕೇ ಉಳಿಯಿತು. ಜಾಸ್ತಿ ಬೇಯಿಸಬೇಡಿ, ಕ್ಲೋರೊಫಿಲ್‌ನ ನಡುವಿನ ಮೆಗ್ನೀಷಿಯಂ ಕಳಚಿ ಹಸಿರು ಮಾಸುತ್ತದೆ.

ಈಗ ಒಲೆ ಪೂರ್ತಿ ಆರಿಸಿ. ಸ್ಪಿರಿಟ್‌ಗೆ ಬೆಂಕಿ ಥಟ್ಟನೆ ಹತ್ತುತ್ತದೆ, ಅದನ್ನು ಕಾಯಿಸಲೂಬಾರದು, ದೊಡ್ಡವರು ಪಕ್ಕದಲ್ಲೇ ಇರಬೇಕು, ಕಿಟಕಿ ತೆರೆದಿರಲಿ. ಎಲೆಯ ನೀರು ಒರೆಸಿ, ಸಣ್ಣಗೆ ಹೆಚ್ಚಿ, ಎರಡು ಚಮಚ ಸ್ಪಿರಿಟ್ ಹಾಕಿ ಚೆನ್ನಾಗಿ ಅರೆಯಿರಿ. ಕಡು ಹಸಿರು ರಸವನ್ನು ಲೋಟದ ತಳಕ್ಕೆ ಸೋಸಿ, ಸೀಮೆಸುಣ್ಣವನ್ನು ನೆಟ್ಟಗೆ ನಿಲ್ಲಿಸಿ. ಅರ್ಧ ಗಂಟೆ ಸುಮ್ನೆ ಬಿಡಿ. ರಸ ಮೇಲೇರುತ್ತಾ ಹಸಿರು ಕೆಳಗೆ, ಹಳದಿ ಮೇಲೆ ಅಂತ ಬಣ್ಣ ಬೇರೆಯಾಗತೊಡಗುತ್ತದೆ. ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ಸ್ವೆಟ್ ಎಲೆಯ ಬಣ್ಣಗಳನ್ನು ಬೇರ್ಪಡಿಸಿದ್ದೂ ಸುಣ್ಣದಕಲ್ಲಿನ ಪುಡಿಯಲ್ಲೇ; 1906ರಲ್ಲಿ ಅದನ್ನು ಕ್ರೊಮ್ಯಾಟೋಗ್ರಫಿ ಎಂದು ಕರೆದರು. ಹಸಿರು ಬಣ್ಣ ಬಿಸಿಲಿನ ಕೆಂಪು, ನೀಲಿ ಬೆಳಕನ್ನು ಹಿಡಿಯುತ್ತದೆ. ಹಳದಿಯ ಕೆರೋಟಿನಾಯ್ಡ್‌ಗಳು ನೀಲಿ ಬೆಳಕು ಹಿಡಿದು ಅದಕ್ಕೆ ಕೊಡುತ್ತವೆ, ಬಿಸಿಲು ಅತಿಯಾದಾಗ ಎಲೆಯನ್ನು ಕಾಯುತ್ತವೆ.

ನನಗೆ ಇದಕ್ಕಿಂತ ಇಷ್ಟ ಎಲೆಯ ನರಗಳು. ಹಸಿರು ರಾಜಗಿರಿಯ ಹಸಿ ಎಲೆಯನ್ನು ಬಿಸಿಲಿಗೆ ಅಡ್ಡ ಹಿಡಿದು ಭೂತಗನ್ನಡಿಯಲ್ಲಿ ನೋಡಿ, ಸೂರ್ಯನನ್ನು ಮಾತ್ರ ನೇರವಾಗಿ ನೋಡಬೇಡಿ. ಸಣ್ಣ ನರಗಳ ಬಲೆ ಸುತ್ತಲಿಗಿಂತ ಕಡು ಹಸಿರಾಗಿದೆ, ಅಲ್ವಾ? ನರದ ಸುತ್ತ ಜೀವಕೋಶಗಳ ಒಂದು ಬಳೆ ಇದೆ, ಅದರ ತುಂಬ ಕ್ಲೋರೊಪ್ಲಾಸ್ಟ್, ಅಂದರೆ ಕ್ಲೋರೊಫಿಲ್ ಇರುವ ಪುಟ್ಟ ಚೀಲಗಳು. ಹೊರಗಿನ ಕೋಶಗಳು ಕಾರ್ಬನ್ ಡೈಆಕ್ಸೈಡ್ ಹಿಡಿದು ನಾಲ್ಕು ಇಂಗಾಲದ ಆಮ್ಲವಾಗಿ ಮಾಡಿ ಒಳಗಿನ ಬಳೆಗೆ ದಾಟಿಸುತ್ತವೆ, ಸಕ್ಕರೆಯ ಕೆಲಸ ಅಲ್ಲಿ ಶುರುವಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮೂರು 40 ಡಿಗ್ರಿ ದಾಟಿದಾಗ ಗಿಡಗಳು ನೀರು ಉಳಿಸಲು ಎಲೆಯ ರಂಧ್ರ ಕಿರಿದು ಮಾಡುತ್ತವೆ. ಒಳಗೆ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗಿ, ಸಕ್ಕರೆ ಕಟ್ಟುವ ಕಿಣ್ವ ಅದರ ಬದಲು ಆಕ್ಸಿಜನ್ ಹಿಡಿದು ದುಡಿಮೆ ಹಾಳುಮಾಡುತ್ತದೆ. ರಾಜಗಿರಿಯ ಬಳೆಯಲ್ಲಿ ಮಾತ್ರ ಕಾರ್ಬನ್ ಡೈಆಕ್ಸೈಡ್ ಒತ್ತಾಗಿರುವುದರಿಂದ ಈ ನಷ್ಟ ಬಹಳ ಕಡಿಮೆ. ಜೋಳ, ಸಜ್ಜೆಗೂ ಇದೇ ಏರ್ಪಾಡು ಇದೆ. ಕಾಲುವೆ ನೀರಿನ ಭತ್ತಕ್ಕೆ, ಹತ್ತಿಗೆ, ತೊಗರಿಗೆ ಇಲ್ಲ. ಹೊಲಕ್ಕೆ ಹೋದಾಗ ಒಂದು ಹತ್ತಿ ಎಲೆ ತಂದು ರಾಜಗಿರಿಯ ಪಕ್ಕದಲ್ಲೇ ಬಿಸಿಲಿಗೆ ಹಿಡಿಯಿರಿ, ಅದರ ನರಗಳು ಬೆಳ್ಳಗೆ ಕಾಣುತ್ತವೆ.