ಪಿಳ್ಳೆಗಳನ್ನ ಹದ್ದು, ಗಿಡುಗ, ಕಾಗೆಯಿಂದ ಕಾಯೋದು: ಬಲೆಮನೆ ಕಟ್ಟಿದ ಅನುಭವ

ಬೆಂಗಳೂರಿನ ಹಿತ್ತಲಲ್ಲಿ ಕೋಳಿಪಿಳ್ಳೆ ಮೇಲೆ ಕಣ್ಣಿಡೋ ಹಕ್ಕಿಗಳು ಮುಖ್ಯವಾಗಿ ಮೂರು. ಮೂರಕ್ಕೂ ಬೇರೆ ಬೇರೆ ದಾರಿ. ಹದ್ದು ಮೇಲಿಂದ ಇಳಿದು, ಕೂರದೇನೇ ಪಿಳ್ಳೆ ಎತ್ತಿಕೊಂಡು ಹೋಗುತ್ತೆ. ಶಿಕ್ರಾ ಗಿಡುಗ ಎಲೆಮರೆಯಲ್ಲಿ ಕಾದಿದ್ದು, ಬೇಲಿ ಎತ್ತರದಲ್ಲೇ ಪಕ್ಕದಿಂದ ನುಗ್ಗುತ್ತೆ. ಕಾಗೆ ನಡೆದುಕೊಂಡೇ ಒಳಗೆ ಬಂದು ಮೊಟ್ಟೆ ಇಲ್ಲಾ ಎಳೆ ಪಿಳ್ಳೆ ಕಚ್ಚಿಕೊಂಡು ಹೋಗುತ್ತೆ. ಮೇಲೆ ಮಾತ್ರ ಬಲೆ ಕಟ್ಟಿ ಪಕ್ಕ ತೆರೆದಿಟ್ಟರೆ ಹದ್ದು ತಪ್ಪುತ್ತೆ, ಉಳಿದೆರಡು ತಪ್ಪಲ್ಲ.

ಇಡೀ ಹಿತ್ತಲಿಗೆ ಬಲೆ ಬೇಕಿಲ್ಲ. ಹದ್ದಿನ ತೂಕ ಮುಕ್ಕಾಲು ಕಿಲೋ ಆಸುಪಾಸು, ಶಿಕ್ರಾ ಹೆಚ್ಚೆಂದರೆ ಕಾಲು ಕಿಲೋ ಆಸುಪಾಸು. ಬೆಳೆದ ಹೇಂಟೆಯನ್ನ ಹೊತ್ತು ಹಾರೋ ಶಕ್ತಿ ಎರಡಕ್ಕೂ ಇಲ್ಲ. ದೊಡ್ಡ ಕೋಳಿ ರಾತ್ರಿ ಕಾಣೆಯಾದರೆ ಹದ್ದನ್ನ ಬೈಯದೆ ಗೂಡಿನ ಬಾಗಿಲು ನೋಡಿ. ಅದು ಬೆಕ್ಕು, ನಾಯಿ ಅಥವಾ ಪುನುಗು ಬೆಕ್ಕಿನ ಕೆಲಸ. ಹಕ್ಕಿ ಕಾಟ ಇರೋದು ಪಿಳ್ಳೆಗೆ, ಅದೂ ಮೈ ತುಂಬೋವರೆಗೆ. ಗಿರಿರಾಜ ತಳಿಯ ಪಿಳ್ಳೆ ಎರಡು ತಿಂಗಳಿಗೆ ಕಿಲೋ ದಾಟುತ್ತೆ. ನಾಟಿ ಪಿಳ್ಳೆ ಆ ಹೊತ್ತಿಗೆ ಅರ್ಧ ಕಿಲೋ ಮುಟ್ಟಿದರೆ ಹೆಚ್ಚು, ಅದಕ್ಕೆ ನಾಟಿಯನ್ನ ಇನ್ನೂ ಮೂರ್ನಾಲ್ಕು ವಾರ ಒಳಗೇ ಇಡ್ತೀನಿ. ಹ್ಯಾಚರಿಯಿಂದ ತಾಯಿಯಿಲ್ಲದೆ ಬಂದ ಪಿಳ್ಳೆಗೆ ಅಪಾಯ ಇನ್ನೂ ಜಾಸ್ತಿ: ನೆರಳು ಸುಳಿದಾಗ ಕೂಗಿ ಎಚ್ಚರಿಸೋ ಹೇಂಟೆ ಅಲ್ಲಿರಲ್ಲ.

ನಾನು ಕಟ್ಟಿರೋದು 10 ಅಡಿಗೆ 12 ಅಡಿಯ ಬಲೆಮನೆ. ನಾಲ್ಕು ಮೂಲೆಗೆ ಎಂಟೂವರೆ ಅಡಿಯ ಸರ್ವೆ ಕಂಬ, ಒಂದೂವರೆ ಅಡಿ ನೆಲದೊಳಗೆ. ನಡುವಿನ ಕಂಬ ಮೂಲೆ ಕಂಬಗಳಿಗಿಂತ ಒಂದಡಿ ಹೆಚ್ಚು ಎತ್ತರ ಇರಲೇಬೇಕು, ತುದಿಗೆ ಹಳೇ ಟೈರಿನ ತುಂಡು ಮೊಳೆ ಹೊಡೆದರೆ ಬಲೆ ಸವೆಯಲ್ಲ. ಬಲೆ ಮಟ್ಟಸವಾಗಿ ಹಾಕಿದರೆ ಎಲೆ ತುಂಬಿ, ಮಳೆಗೆ ಭಾರವಾಗಿ ಜೋತು ಬೀಳುತ್ತೆ. ಜೋತ ಬಲೆಯ ಮೇಲೆ ಕೂತ ಹದ್ದಿಗೆ ಕೆಳಗಿನ ಪಿಳ್ಳೆ ಕಾಲಿಗೇ ಸಿಗುತ್ತೆ. ಕಂಬದಿಂದ ಕಂಬಕ್ಕೆ 12 ಗೇಜಿನ ಜಿಐ (ಸತು ಲೇಪಿಸಿದ) ತಂತಿ ಎಳೆದು, ಪ್ರತಿ ಬದಿಗೆ ಒಂದು ಟರ್ನ್‌ಬಕಲ್ (ತಂತಿ ಬಿಗಿಸೋ ತಿರುಪು) ಹಾಕಿದ್ದೀನಿ. ತಂತಿ ಸಡಿಲವಾದಾಗ ಎರಡು ಸುತ್ತು ತಿರುಗಿಸಿದರೆ ಸಾಕು.

ಮೇಲಿನ ಬಲೆ ಅಪಾರ್ಟ್‌ಮೆಂಟ್ ಬಾಲ್ಕನಿಗೆ ಪಾರಿವಾಳ ತಡೆಯೋಕೆ ಕಟ್ಟೋ ಅದೇ ನೈಲಾನ್ ಬಲೆ, ಕಣ್ಣು ಒಂದು ಇಂಚು. ಅಳತೆ 12ಕ್ಕೆ 14 ಅಡಿ; ಇಳಿಜಾರಿಗೂ ಅಂಚು ಮಡಚೋಕೂ ಸರಿಹೋಗುತ್ತೆ. ಆರು ಇಂಚಿಗೊಂದು ಕಟ್ಟು. ಬಿಳಿ ಕೇಬಲ್ ಟೈ ಬಿಸಿಲಿಗೆ ಪುಡಿಯಾಗುತ್ತೆ, ಬೈಂಡಿಂಗ್ ವೈರು ತುಕ್ಕು ಹಿಡಿದು ಬಲೆಯನ್ನೇ ಕೊಯ್ಯುತ್ತೆ. ಬಿಸಿಲು ತಡೆಯೋ ಕಪ್ಪು ಟೈ ಅಥವಾ ಪ್ಲಾಸ್ಟಿಕ್ ಹುರಿ ಬಾಳಿಕೆ ಬರುತ್ತೆ.

ಪಕ್ಕಕ್ಕೆ ಕೋಳಿ ಜಾಲರಿ, ಮುಕ್ಕಾಲು ಇಂಚಿನ ಕಣ್ಣು. ಕೆಳಗಿನ ಎರಡಡಿಗೆ ಮಾತ್ರ ಅರ್ಧ ಇಂಚಿನ ವೆಲ್ಡ್ ಮೆಶ್ (ಬೆಸುಗೆ ಹಾಕಿದ ತಂತಿ ಜಾಲರಿ), ಅದರ ಜೊತೆಗೆ ಇನ್ನೊಂದು ಅರ್ಧ ಅಡಿ ಮಣ್ಣೊಳಗೆ. ಇಲ್ಲಿ ಕಾಸು ಉಳಿಸಬೇಡಿ. ಬೆಕ್ಕಿನ ಪಂಜ, ಹೆಗ್ಗಣ, ಮುಂಗುಸಿ ಎಲ್ಲಾ ಇದೇ ಎರಡಡಿಯಲ್ಲಿ ಪ್ರಯತ್ನಿಸೋದು. ಜಾಲರಿಯ ಮೇಲಂಚು ಮತ್ತು ಬಲೆ ಸೇರೋ ಕಡೆ ಒಂದು ಅಂಗೈ ಅಗಲ ಸಂದು ಬಿಟ್ಟರೂ ಕಾಗೆ ಅದನ್ನ ಹುಡುಕುತ್ತೆ, ಅಲ್ಲಿ ಹೊಲಿಗೆ ಹಾಕಿದ ಹಾಗೆ ಒತ್ತಾಗಿ ಕಟ್ಟಿ. ಕೋಳಿ ಕೂರೋ ಕೋಲು ಬಲೆಗಿಂತ ಎರಡಡಿ ಕೆಳಗೆ ಇರಲಿ.

ತಾರಸಿಯಲ್ಲಿ ಸಾಕೋರು ಕಾಂಕ್ರೀಟ್ ಕೊರೆಯಬೇಡಿ, ಮಳೆಗಾಲಕ್ಕೆ ಸೋರುತ್ತೆ. 20 ಲೀಟರಿನ ಪೇಂಟ್ ಬಕೆಟ್ಟಿನಲ್ಲಿ ಪೈಪ್ ನಿಲ್ಲಿಸಿ ಕಾಂಕ್ರೀಟ್ ತುಂಬಿದರೆ 45 ಕಿಲೋ ಮೇಲಾಗುತ್ತೆ, ಬರೀ ಬಲೆಗೆ ಅಷ್ಟು ಭಾರ ಸಾಕು. ಹಸಿರು ಶೇಡ್ ನೆಟ್ ಹಾಕಿದರೆ ಲೆಕ್ಕ ಬೇರೆ: ಆಷಾಢದ ಗಾಳಿ ಅದನ್ನ ಹಾಯಿಯಂತೆ ಎತ್ತುತ್ತೆ. ಪೈಪನ್ನ ಪ್ಯಾರಪೆಟ್ಟಿಗೂ ಬಿಗಿಯಬೇಕು, ನೆಟ್ಟನ್ನ ಅರ್ಧ ಜಾಗಕ್ಕಷ್ಟೇ ಹಾಕಿ. ಪಿಳ್ಳೆಗೆ ಬೆಳಗಿನ ಬಿಸಿಲೂ ಬೇಕು.

ಪಿಳ್ಳೆ ಹೊರಗೆ ಮೇಯೋಕೆ ಶುರು ಮಾಡಿದ ಮೇಲೆ ಅಡಗೋ ಜಾಗವೇ ಆಧಾರ. ನಾಲ್ಕು ಇಟ್ಟಿಗೆ ಜೋಡಿ ಮೇಲೆ ಚಪ್ಪಡಿ ಕಲ್ಲು, ಕೆಳಗೆ ಒಂದು ಗೇಣು ಸಂದು. ಇಂಥದ್ದು ಎಂಟಡಿಗೊಂದು ಬೇಕು. ದಾಸವಾಳದ ಪೊದೆ ಇದ್ದರೆ ಇನ್ನೂ ಒಳ್ಳೇದು, ಆದರೆ ಬುಡದ ಕೊಂಬೆ ಸವರಬಾರದು. ಮರಿಗಳ ಜೊತೆ ತಾಯಿಕೋಳಿ ಇದ್ದರೆ ಮೊದಲ ವಾರ ಬಿದಿರಿನ ಮಂಕರಿ ಕವುಚಿ, ಮೇಲೊಂದು ಕಲ್ಲಿಡೋ ಹಳೇ ಪದ್ಧತಿಯೇ ಸಾಕು.

ಹೊಳೆಯೋ ಸಿಡಿ, ಪ್ಲಾಸ್ಟಿಕ್ ಗೂಬೆ, ಬೆದರುಬೊಂಬೆ ಇವನ್ನ ನಾನು ನಂಬಲ್ಲ. ಈ ಊರಿನ ಹದ್ದು ಮೊಬೈಲ್ ಟವರ್ ಮೇಲೆ ಸಂಸಾರ ಮಾಡುತ್ತೆ, ಟ್ರಾಫಿಕ್ ಗದ್ದಲದಲ್ಲಿ ಬೆಳೆಯುತ್ತೆ. ಒಂದೇ ಕಡೆ ಅಲುಗಾಡೋ ಸಿಡಿಗೆ ಬೇಗ ಒಗ್ಗಿಹೋಗುತ್ತೆ. ಅದರ ಬದಲು ಕೋಳಿ ಕೊಯ್ದ ಕರುಳು, ಮೀನಿನ ತಲೆ ಹಿತ್ತಲಿಗೆ ಎಸೆಯೋದನ್ನ ನಿಲ್ಲಿಸಿ, ಪಕ್ಕದ ಮನೆಯವರಿಗೂ ಹೇಳಿ. ಮಾಂಸದಂಗಡಿ ಮೇಲೆ ಹದ್ದು ಸುತ್ತೋದು ಯಾಕೆ ಅಂತ ಎಲ್ಲರಿಗೂ ಗೊತ್ತು. ಚಳಿ ಇಳಿಯೋ ಹೊತ್ತಿಂದ ಬೇಸಿಗೆವರೆಗೆ ಹದ್ದಿನ ಗೂಡಲ್ಲಿ ಮರಿ ಇರೋದರಿಂದ ಬೇಟೆ ಜೋರು. ಆ ತಿಂಗಳುಗಳಲ್ಲಿ ನಾನು ಪಿಳ್ಳೆಯನ್ನ ಬಲೆಯಿಂದ ಆಚೆ ಬಿಡಲ್ಲ.

ಮೀನು ಹಿಡಿಯೋ ಸಣ್ಣ ದಾರ ಇಲ್ಲಾ ಗಾಳಿಪಟದ ಮಾಂಜಾವನ್ನ ಹಿತ್ತಲ ಮೇಲೆ ಅಡ್ಡಡ್ಡ ಕಟ್ಟೋದು ಬೇಡವೇ ಬೇಡ. ಹಾರೋ ಹಕ್ಕಿಗೆ ಅದು ಕಾಣಲ್ಲ, ರೆಕ್ಕೆ ಮೂಳೆವರೆಗೂ ಕೊಯ್ಯುತ್ತೆ. ಈ ಬೇಟೆಹಕ್ಕಿಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ; ಕಲ್ಲು, ವಿಷ, ಉರುಲು ಎಲ್ಲವೂ ಅಪರಾಧ. ಬಲೆಗೆ ಗಿಡುಗ ಸಿಕ್ಕಿಕೊಂಡರೆ ಎಳೆಯಬೇಡಿ. ದಪ್ಪ ಟವೆಲ್ ತಲೆ ಮುಚ್ಚೋ ಹಾಗೆ ಹಾಕಿ, ಉಗುರಿಂದ ಕೈ ದೂರವಿಟ್ಟು, ಸುತ್ತಲಿನ ಬಲೆಯನ್ನ ಕತ್ತರಿಸಿ. ಗಾಯ ಇದ್ದರೆ ಗಾಳಿ ಆಡೋ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ನೀರು ಕುಡಿಸೋಕೆ ಹೋಗದೆ, ಕೆಂಗೇರಿ ಕಡೆಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆಗೆ ತಿಳಿಸಿ. ಕತ್ತರಿಸಿದ ತೂತನ್ನ ಅವತ್ತೇ ಹುರಿಯಿಂದ ಹೆಣೆದುಬಿಡಿ. ಏಪ್ರಿಲ್, ಮೇ ತಿಂಗಳಲ್ಲಿ ಆಲಿಕಲ್ಲು ಬಿದ್ದ ಮಾರನೇ ಬೆಳಗ್ಗೆಯೂ ಪಿಳ್ಳೆ ಬಿಡೋ ಮೊದಲು ಬಲೆಯ ಪ್ರತಿ ಅಂಚನ್ನೂ ಕೈಯಲ್ಲಿ ಎಳೆದು ನೋಡಬೇಕು.