ನೆರೆದೇಶಗಳ ಬಂದೂಕು ಕಾನೂನು: ಹೋಲಿಸುವುದು ಹೇಗೆ?

ಪುಣೆಯಲ್ಲಿ ಕಾನೂನು ಓದುವ ನಮ್ಮ ಕನ್ನಡದ ಹುಡುಗರು ಚರ್ಚಾಸ್ಪರ್ಧೆ, ಪ್ರಾಜೆಕ್ಟ್ ಅಂತ ಟಿಪ್ಪಣಿ ಹಿಡಿದು ಬರುತ್ತಾರೆ. ಬಂದೂಕು ಲೈಸೆನ್ಸ್ ವಿಷಯ ಬಂದರೆ ಹೆಚ್ಚುಕಡಿಮೆ ಎಲ್ಲರೂ ಒಂದೇ ಕಡೆ ಎಡವುತ್ತಾರೆ. ದೇಶ, ಕಾಯ್ದೆ, ಶಿಕ್ಷೆ ಅಂತ ಮೂರು ಕಾಲಂ ಎಳೆದು, ‘ಭಾರತ ಬಿಗಿ, ಪಾಕಿಸ್ತಾನ ಸಡಿಲ’ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಹೋಲಿಕೆ ಹಾಗಲ್ಲ.

ಮೊದಲು ಕಾಯ್ದೆಯ ಮೂಲ ಪಠ್ಯ ಇಳಿಸಿಕೊಳ್ಳಿ. ನಮ್ಮದು ಇಂಡಿಯಾ ಕೋಡ್ ತಾಣದಲ್ಲಿದೆ, ನೇಪಾಳದ್ದು ಅಲ್ಲಿನ ಕಾನೂನು ಆಯೋಗದ ತಾಣದಲ್ಲಿ. ವಾಟ್ಸಾಪ್‌ನಲ್ಲಿ ಓಡಾಡುವ ಕೆಂಪು–ಹಸಿರು ಮ್ಯಾಪ್‌ಗಳನ್ನು ಮುಟ್ಟಲೇಬೇಡಿ. ಅವುಗಳಲ್ಲಿ ತಿದ್ದುಪಡಿಗಳು ಇರುವುದಿಲ್ಲ.

ಆಮೇಲೆ ಇಸವಿ ನೋಡಿ. ನೇಪಾಳದ ಶಸ್ತ್ರಾಸ್ತ್ರ ಕಾಯ್ದೆಯ ಹೆಸರಿನಲ್ಲೇ 2019 ಅಂತಿದೆ. ಅದು ನೇಪಾಳದಲ್ಲಿ ಬಳಸುವ ವಿಕ್ರಮ ಶಕೆಯ ವರ್ಷ. ನಮ್ಮ ಲೆಕ್ಕದಲ್ಲಿ 1962. ಭಾರತವೂ ತನ್ನ ಕಾಯ್ದೆಯನ್ನು 2019ರಲ್ಲೇ ತಿದ್ದಿದ್ದರಿಂದ ಎರಡೂ ಒಂದೇ ವರ್ಷದ್ದು ಎಂದು ಬರೆಯುವವರು ಜಾಸ್ತಿ. ಬ್ರಿಟಿಷರ 1878ರ ಕಾಯ್ದೆಯನ್ನು ನಾವು ತೆಗೆದುಹಾಕಿ 1959ರಲ್ಲಿ ಹೊಸದು ತಂದೆವು. ಬಾಂಗ್ಲಾದೇಶದಲ್ಲಿ ಆ ಹಳೆಯದೇ ಈಗಲೂ ನಡೆಯುತ್ತಿದೆ.

ಇನ್ನು ಕಷ್ಟದ ಹೆಜ್ಜೆ. ಕಾಯ್ದೆಗೆ ಕಾಯ್ದೆ ಹೋಲಿಸಬೇಡಿ. ಒಬ್ಬ ಮನುಷ್ಯನನ್ನು ಆರಿಸಿ, ಅವನನ್ನೇ ಪ್ರತಿ ದೇಶದ ಕಚೇರಿಗೂ ಕಳುಹಿಸಿ. ಗೋವಾದ ಸತ್ತರಿಯ ಗೇರು ಬೆಳೆಗಾರ ಅಂದುಕೊಳ್ಳಿ. ತೋಟಕ್ಕೆ ಕಾಡುಹಂದಿ ಕಾಟ. ಅವನು ಅರ್ಜಿ ಕೊಡಬೇಕಾದದ್ದು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ. ಅದೇ ಪುಣೆ, ಮುಂಬೈ ನಗರದವನಾದರೆ ಪೊಲೀಸ್ ಕಮಿಷನರಿಗೆ. ಈಗ ನಮ್ಮ ಕಾಯ್ದೆಯ 13ನೇ ಸೆಕ್ಷನ್ನಿನ 3ನೇ ಉಪವಿಭಾಗ ತೆರೆಯಿರಿ. ನಿಜವಾಗಿಯೂ ಬೆಳೆ ಕಾಯಲು ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿ ಬೇಕಾದರೆ ಅಧಿಕಾರಿ ಲೈಸೆನ್ಸ್ ‘ಕೊಡತಕ್ಕದ್ದು’. ಪಿಸ್ತೂಲ್ ಕೇಳಿದರೆ, ತಕ್ಕ ಕಾರಣ ಇದೆ ಎಂದು ಅಧಿಕಾರಿಗೆ ಮನವರಿಕೆ ಆಗಬೇಕು. 14ನೇ ಸೆಕ್ಷನ್ನಿನಲ್ಲಿ ನಿರಾಕರಣೆಯ ಕಾರಣಗಳೂ ಇವೆ, ಅವನ್ನು ಬಿಟ್ಟು ಓದಬೇಡಿ. ಒಂದೇ ಕಾಯ್ದೆ, ಒಬ್ಬನೇ ಅರ್ಜಿದಾರ, ಬಂದೂಕು ಬದಲಾದ ಕೂಡಲೇ ದಾರಿ ಬದಲು. ಹೀಗಿರುವಾಗ ‘ಭಾರತ ಬಿಗಿ’ ಎಂಬ ಒಂದೇ ಸಾಲು ಯಾವ ಬಂದೂಕಿನ ಬಗ್ಗೆ? ಲೈಸೆನ್ಸ್ ಸಿಕ್ಕಿದರೂ ಹಂದಿ ಹೊಡೆಯಲು ಅನುಮತಿ ಸಿಕ್ಕಂತಲ್ಲ. ಅದಕ್ಕೆ 1972ರ ವನ್ಯಜೀವಿ ಕಾಯ್ದೆ ಬೇರೆಯೇ ಇದೆ.

ಅದೇ ರೈತನನ್ನು ಗಡಿ ದಾಟಿಸಿ. ನೇಪಾಳದಲ್ಲಿ ಅವನು ಪ್ರಮುಖ ಜಿಲ್ಲಾಧಿಕಾರಿಯ ಮುಂದೆ ನಿಲ್ಲುತ್ತಾನೆ. ಶ್ರೀಲಂಕಾದಲ್ಲಿ 1916ರ ಫೈರ್‌ಆರ್ಮ್ಸ್ ಆರ್ಡಿನೆನ್ಸ್ ಅಡಿ ವರ್ಷ ವರ್ಷ ನವೀಕರಿಸಬೇಕು. ನಮ್ಮಲ್ಲಿ 2019ರ ನಂತರ ಅವಧಿ 5 ವರ್ಷ, ಒಬ್ಬರಿಗೆ ಸಾಮಾನ್ಯವಾಗಿ 2 ಬಂದೂಕು. ಪಾಕಿಸ್ತಾನಕ್ಕೆ ಹೋದರೆ ‘ಯಾವ ಪ್ರಾಂತ್ಯ?’ ಅಂತ ಕೇಳಲೇಬೇಕು. ಸಿಂಧ್‌ಗೂ ಖೈಬರ್ ಪಖ್ತೂನ್‌ಖ್ವಾಗೂ 2013ರ ಬೇರೆ ಬೇರೆ ಕಾಯ್ದೆಗಳಿವೆ. ಚೀನಾದ 1996ರ ಕಾನೂನು ಸಾಮಾನ್ಯ ಜನ ಬಂದೂಕು ಇಟ್ಟುಕೊಳ್ಳುವುದನ್ನೇ ನಿಷೇಧಿಸಿ, ಕೆಲವರಿಗಷ್ಟೇ ಬಾಗಿಲು ತೆರೆದಿದೆ.

ವಿನಾಯಿತಿ ಹುಡುಕದೆ ಕಾಯ್ದೆ ಮುಚ್ಚಬೇಡಿ. ನಮ್ಮ ಕಾಯ್ದೆಯ 41ನೇ ಸೆಕ್ಷನ್ ಕೇಂದ್ರ ಸರ್ಕಾರಕ್ಕೆ ವಿನಾಯಿತಿ ಕೊಡುವ ಅಧಿಕಾರ ನೀಡುತ್ತದೆ. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ವಿಶೇಷ ಭೂಹಕ್ಕು) ಹಿಡುವಳಿದಾರರಿಗೆ ಲೈಸೆನ್ಸ್ ಬೇಡವೆಂಬ ರಿಯಾಯಿತಿ ಅಲ್ಲಿಂದಲೇ ಬಂದದ್ದು. ಸದ್ಯಕ್ಕೆ ಅದು 2029ರವರೆಗೆ ಇದೆ. ಕನ್ನಡಿಗರಾಗಿ ನಮಗೇ ಇದು ತಪ್ಪಿಹೋದರೆ ಹೇಗೆ, ಅಲ್ವಾ?

ಅಂಕಿ ಕೊನೆಗೆ. ಜಿನೀವಾದ ಸಂಶೋಧನಾ ಸಂಸ್ಥೆ ಸ್ಮಾಲ್ ಆರ್ಮ್ಸ್ ಸರ್ವೇ ಅಂದಾಜಿನಲ್ಲಿ 100 ಜನರಿಗೆ ಭಾರತದಲ್ಲಿ 5.3, ಪಾಕಿಸ್ತಾನದಲ್ಲಿ 22.3 ಬಂದೂಕುಗಳಿವೆ. ಇದರಲ್ಲಿ ಲೈಸೆನ್ಸ್ ಇಲ್ಲದವೂ ಸೇರಿವೆ. ಹಾಗಾಗಿ ಲೈಸೆನ್ಸ್ ನಿಯಮದ ಬಿಗಿ ಅಳೆಯಲು ಇದನ್ನು ಬಳಸಬೇಡಿ. ಬೇರೆ ಕಾರಣಕ್ಕೆ ಬಳಸುವುದಾದರೆ ‘2017ರ ಅಂದಾಜು, ಅಕ್ರಮವೂ ಸೇರಿ’ ಎಂದು ಅಂಕಿಯ ಪಕ್ಕದಲ್ಲೇ ಬರೆಯಿರಿ.