ಸೆಲ್ಯುಲೇಸ್ ಪ್ಲೇಟಿನಲ್ಲಿ ವಲಯ ಕಾಣದಿದ್ದರೆ ಮೊದಲು ಗ್ಲೂಕೋಸ್ ನೋಡಿ

ಸೆಲ್ಯುಲೋಸ್ ಒಡೆಯುವ ಕಿಣ್ವವಾದ ಸೆಲ್ಯುಲೇಸ್ ಪರೀಕ್ಷೆಗೆ ಇಟ್ಟ ಟ್ರೈಕೋಡರ್ಮಾ ಶಿಲೀಂಧ್ರ ಸೊಂಪಾಗಿ ಬೆಳೆದಿದೆ, ಆದರೆ ಕಾಂಗೊ ರೆಡ್ ಬಣ್ಣ ಸುರಿದರೆ ಸೆಲ್ಯುಲೋಸ್ ಒಡೆದ ಜಾಗ ತೋರಿಸುವ ತಿಳಿ ವಲಯವೇ ಇಲ್ಲ ಅಂದರೆ ತಳಿಯನ್ನು ಎಸೆಯಬೇಡಿ. ಬಹಳ ಸಲ ತಪ್ಪು ಮಾಧ್ಯಮದ್ದು. ಸುಲಭದ ಸಕ್ಕರೆ ಸಿಗುವವರೆಗೆ ಶಿಲೀಂಧ್ರ ಸೆಲ್ಯುಲೇಸ್ ತಯಾರಿಸುವ ಗೋಜಿಗೆ ಹೋಗುವುದಿಲ್ಲ. ಕ್ರೀ1 ಎಂಬ ಪ್ರೋಟೀನ್ ಆ ಜೀನ್‌ಗಳನ್ನು ಅದುಮಿಡುತ್ತದೆ. ಶಿಲೀಂಧ್ರ ಬೆಳೆದ ಆಲೂಗಡ್ಡೆ-ಡೆಕ್ಸ್‌ಟ್ರೋಸ್ (ಡೆಕ್ಸ್‌ಟ್ರೋಸ್ ಅಂದರೆ ಗ್ಲೂಕೋಸೇ) ಅಗಾರ್‌ನ ದಪ್ಪ ತುಂಡನ್ನು ಪ್ಲೇಟಿನಲ್ಲಿ ಇಟ್ಟರೂ ಅದರೊಟ್ಟಿಗೆ ಗ್ಲೂಕೋಸ್ ಬರುತ್ತದೆ. ಬೀಜಕಗಳನ್ನು ನೀರಲ್ಲಿ ತೊಳೆದು ಒಂದು ಹನಿ ಇಡಿ.

ಮಾಧ್ಯಮಕ್ಕೆ ಲೀಟರಿಗೆ ಸಿಎಂಸಿ (ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, ನೀರಲ್ಲಿ ಕರಗುವ ಸೆಲ್ಯುಲೋಸ್) 10 ಗ್ರಾಂ, ಅಮೋನಿಯಂ ಸಲ್ಫೇಟ್ 1.4, ಪೊಟ್ಯಾಶಿಯಂ ಡೈಹೈಡ್ರೋಜನ್ ಫಾಸ್ಫೇಟ್ 2, ಮೆಗ್ನೀಶಿಯಂ ಸಲ್ಫೇಟ್ 0.3, ಅಗಾರ್ 15 ಗ್ರಾಂ. ಸಿಎಂಸಿಯನ್ನು ಕಲಕುತ್ತಾ ಚಿಟಿಕೆ ಚಿಟಿಕೆಯಾಗಿ ಉದುರಿಸಿ, ಒಮ್ಮೆಲೇ ಹಾಕಿದರೆ ಗಂಟು ಕಟ್ಟುತ್ತದೆ. 28 ಡಿಗ್ರಿಯಲ್ಲಿ 3 ದಿನ. ಶಿಲೀಂಧ್ರ ಪ್ಲೇಟಿನ ಅಂಚು ಮುಟ್ಟುವ ಮೊದಲೇ 0.1% ಕಾಂಗೊ ರೆಡ್ 15 ನಿಮಿಷ, ಆಮೇಲೆ 1 ಮೋಲಾರ್ ಉಪ್ಪಿನ ದ್ರಾವಣ 15 ನಿಮಿಷ. ಕೆಂಪಿನ ನಡುವೆ ತಿಳಿಹಳದಿ ಉಂಗುರ ಎದ್ದು ಕಾಣುತ್ತದೆ.

ಸಕ್ಕರೆಯ ಕೊರತೆ ಬೇಕು ಅಂದರೆ ಎಲ್ಲವನ್ನೂ ಕಡಿತ ಮಾಡುವುದಲ್ಲ. ಇಲ್ಲಿ ಸಾರಜನಕ ತೀರಾ ಇಳಿಸಿದರೆ ಕಿಣ್ವ ಕಟ್ಟಲು ಅಮೈನೋ ಆಮ್ಲವೇ ಸಾಲದು. ಮರ ಕೊಳೆಸುವ ಶಿಲೀಂಧ್ರ ಫನೆರೋಕೀಟೆ ಕ್ರೈಸೋಸ್ಪೋರಿಯಂ ಬೇರೆ ಜಾತಿ: ಸಾರಜನಕ ಮುಗಿದು ಬೆಳವಣಿಗೆ ನಿಂತ ಮೇಲೆಯೇ ಅದು ಮರದ ಲಿಗ್ನಿನ್ ಒಡೆಯುವ ಕಿಣ್ವ ಲಿಗ್ನಿನ್ ಪೆರಾಕ್ಸಿಡೇಸ್ ಹೊರಬಿಡುವುದು. ಅದಕ್ಕೆ ಅಮೋನಿಯಂ 24 ಮಿಲಿಮೋಲಾರ್ ಬದಲು 2.4 ಇಡಿ.